ಮೆಣಸುಕಾಳಿನ ಸೆರಗು

ಸಿರುಮುಗೈಯ ನೇಕಾರರ ಬೀದಿಯಲ್ಲಿ ಲಿಂಗಸಾಮಿ ತನ್ನ ಮನೆಯ ಗೋಡೆಯ ಮೇಲಿದ್ದ ತಾಯಿಯ ಪಟಕ್ಕೆ ಕೈಮುಗಿಯಬೇಕೆಂದರೆ ಮನೆಯಿಂದ ಹೊರಗೆ ಹೋಗಬೇಕಾಗಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಎಳೆದುಕೊಂಡು, ಬೀದಿಬಾಗಿಲನ್ನು ಪೂರಾ ತೆರೆದಿಟ್ಟು, ಜಗಲಿ ಇಳಿದು, ಬೀದಿ ದಾಟಿ, ಎದುರುಮನೆಯ ಬೇವಿನ ಮರಕ್ಕೆ ಬೆನ್ನು ತಾಗುವವರೆಗೂ ಹಿಂದೆ ಹಿಂದೆ ನಡೆದು, ಅಲ್ಲಿಂದ ತನ್ನ ಮನೆಯೊಳಗನ್ನೇ ನೋಡಿ ಕಣ್ಣು ತುಂಬಿಕೊಳ್ಳುತ್ತಿದ್ದ. ಅವನ ಪಕ್ಕದಲ್ಲಿ, ಒದ್ದೆ ತಲೆಗೆ ಟವಲು ಸುತ್ತಿಕೊಂಡು, ಹೆಂಡತಿ ಶಿವಗಾಮಿ. ಮಿಲ್ಲಿಗೆ ಹೋಗುವವರು ಇಲ್ಲಿ ಯಾವುದೋ ಹೊಸ ದೇವರು ಬಂದಿದೆ ಎಂದುಕೊಂಡು ಸೈಕಲ್ಲಿನಿಂದ ಒಂದು ಕಾಲು ಕೆಳಗಿಟ್ಟು, ಕೆನ್ನೆ ಬಡಿದುಕೊಂಡು ಮುಂದೆ ಹೋಗುತ್ತಿದ್ದರು.

"ಕಂಡ್ಳಾ?" ಎಂದು ಲಿಂಗಸಾಮಿ ಕೇಳುತ್ತಿದ್ದ.

"ಹ್ಞೂಂ."

"ಇವತ್ತು ಅಮ್ಮನ ಮುಖ ಸ್ವಲ್ಪ ಬಾಡ್ದಂಗೈತೆ."

"ಆಮಾ, ಸ್ವಲ್ಪ."

ಶಿವಗಾಮಿಗೆ ಬಾಡಿದ ಮುಖವೂ ಕಂಡಿರಲಿಲ್ಲ, ಅರಳಿದ ಮುಖವೂ ಕಂಡಿರಲಿಲ್ಲ. ಪೊಂಗಲ್ ಮುಗಿದ ವಾರ ಪಟ ಗೋಡೆಗೇರಿದಾಗಿನಿಂದ ಇವತ್ತಿನವರೆಗೆ ಅವಳಿಗೆ ಕಂಡಿದ್ದು ಬಿಳಿ ಹಾಳೆಯ ಮೇಲೆ ಯಾರೋ ಸಾಸಿವೆ ಚೆಲ್ಲಿದಂಥ ಕಪ್ಪು ಚುಕ್ಕಿಗಳು, ಅಷ್ಟೆ. ಬೀದಿಗೆಲ್ಲ ಕಾಣುವ ಅತ್ತೆ ತನಗೊಬ್ಬಳಿಗೆ ಕಾಣುವುದಿಲ್ಲ ಎಂಬ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೊರಗೆ ಹೇಳಿದರೆ ನಾದಿನಿ ಸುಶೀಲ ಏನನ್ನುತ್ತಾಳೆಂದು ಅವಳಿಗೆ ಗೊತ್ತಿತ್ತು. ಹೆಣ ಎತ್ತುವಾಗ ಸೊಸೆಯ ಕಣ್ಣಲ್ಲಿ ಒಂದು ಹನಿ ಬರಲಿಲ್ಲ ಎಂದು ಹೋದ ವರ್ಷವೇ ಅವಳು ತಿರುಪ್ಪೂರಿನವರೆಗೂ ಸಾರಿಕೊಂಡು ಹೋಗಿದ್ದಳು. ಅಳು ಬಂದಿರಲಿಲ್ಲ, ನಿಜ. ಇಪ್ಪತ್ತು ವರ್ಷಕ್ಕೂ ಮೇಲೆ ಅತ್ತೆಯ ನೋಟ ಅವಳ ಬೆನ್ನಿಗೆ ಅಂಟಿಕೊಂಡಿತ್ತು. ಕಾಮಾಕ್ಷಿಯಮ್ಮ ಬೈಯುವವಳಲ್ಲ, ನೋಡುವವಳು. ಸಾರಿಗೆ ಉಪ್ಪು ಹಾಕುವ ಕೈಯನ್ನು ನೋಡುವಳು, ಕಂಡಿಕೆಗೆ ನೂಲು ಸುತ್ತುವ ಬೆರಳನ್ನು ನೋಡುವಳು. ಹಾಗೆ ನೋಡುತ್ತಿದ್ದ ಕಣ್ಣು ಮುಚ್ಚಿದ ದಿನ ಶಿವಗಾಮಿಗೆ ಅಳುವುದಕ್ಕಿಂತ ಮೊದಲು ಬೆನ್ನು ಹಗುರಾದ ಹಾಗೆ ಆಗಿತ್ತು. ಅದಕ್ಕೇ ಈಗ ಕಾಣಿಸುತ್ತಿಲ್ಲವೇನೋ ಎಂದು ಅವಳು ಹೆದರಿದ್ದಳು.

ಪಟ ಹೀಗೆ ಚುಕ್ಕಿಚುಕ್ಕಿಯಾಗಿ ಬಂದದ್ದಕ್ಕೂ ಕಾಮಾಕ್ಷಿಯಮ್ಮನೇ ಕಾರಣ. ಬದುಕಿದ್ದಷ್ಟು ದಿನ ಅವಳು ಫೋಟೋ ತೆಗೆಸಿಕೊಂಡವಳಲ್ಲ. ಮದುವೆಮನೆಯಲ್ಲಿ ಕ್ಯಾಮೆರಾ ಕಂಡರೆ ಅಡುಗೆಯವರ ಸಾಲಿಗೆ ಹೋಗಿ ಬದನೆಕಾಯಿ ಹೆಚ್ಚುತ್ತ ಕೂರುವಳು. "ನನ್ನ ಮುಖ ನನ್ ಹತ್ರಾನೇ ಇರ್ಲಿ" ಎನ್ನುವಳು. ಹೀಗಾಗಿ ಸತ್ತ ಮೇಲೆ ಉಳಿದದ್ದು ಒಂದೇ ಚಿತ್ರ. ಕೊಯಮತ್ತೂರಿನಲ್ಲಿ ಕೈಮಗ್ಗದ ಪ್ರದರ್ಶನ ನಡೆದಾಗ ತಮಿಳು ಪತ್ರಿಕೆಯೊಂದರಲ್ಲಿ ಬಂದದ್ದು. ಅದರಲ್ಲಿ ಯಾರೋ ಆಫೀಸರು, ಅವರ ಹಿಂದೆ ಜನ, ಜನದ ಹಿಂದೆ ಹೆಬ್ಬೆರಳಿನ ಉಗುರಿನಷ್ಟು ಕಾಮಾಕ್ಷಿಯಮ್ಮ.

ವರ್ಷದ ಎಡೆಯ ಹೊತ್ತಿಗೆ ಗೋಡೆಯಲ್ಲಿ ಪಟವಿಲ್ಲದಿದ್ದರೆ ಹೇಗೆಂದು ಲಿಂಗಸಾಮಿ ಆ ಪತ್ರಿಕೆಯನ್ನು ಕೊಯಮತ್ತೂರಿನ ಬ್ಲಾಕ್ ಮಾಡುವ ನಟರಾಜನ್ ಬಳಿಗೆ ಒಯ್ದ. ಪತ್ರಿಕೆ, ನೋಟೀಸು, ಕ್ಯಾಲೆಂಡರುಗಳಿಗೆ ಚಿತ್ರದ ಅಚ್ಚು ಮಾಡಿಕೊಡುವುದು ನಟರಾಜನ ಕಸುಬು. ಅವನು ಕಣ್ಣಿಗೆ ಭೂತಗನ್ನಡಿ ಹಚ್ಚಿ ಉಗುರಿನಷ್ಟಿದ್ದ ಮುಖವನ್ನು ನೋಡಿ ನಕ್ಕ.

"ಅಣ್ಣಾ, ಇದ್ರಲ್ಲಿ ನಿಮ್ಮಮ್ಮ ಇಲ್ಲ. ಬರೀ ಚುಕ್ಕಿ ಇದಾವೆ."

"ಏನಪ್ಪಾ ಹಿಂಗಂತೀಯ?"

"ಪ್ರೆಸ್ಸಲ್ಲಿರೋದು ಒಂದೇ ಶಾಯಿ, ಕಪ್ಪು. ಬೂದು ಬಣ್ಣಕ್ಕೆಲ್ಲಿಗೆ ಹೋಗೋಣ? ಗೆರೆ ಕೊರೆದ ಗಾಜು ಅಡ್ಡ ಇಟ್ಟು ಫೋಟೋ ತೆಗೀತೀವಿ, ಮುಖ ಒಡೆದು ಚುಕ್ಕಿಯಾಗುತ್ತೆ. ಕೂದಲಿಗೆ ದಪ್ಪ ಚುಕ್ಕಿ, ಕೆನ್ನೆಗೆ ಸಣ್ಣ ಚುಕ್ಕಿ. ಅವನ್ನೆಲ್ಲ ಕಲಸಿ ಅಮ್ಮನ್ನ ಮಾಡ್ಕೊಳ್ಳೋದು ನಿಮ್ಮ ಕಣ್ಣು. ನಾನು ದೊಡ್ಡದು ಮಾಡಿದ್ರೆ ಚುಕ್ಕೀನೂ ದೊಡ್ಡದಾಗುತ್ತೆ. ಹತ್ರ ಹೋಗಿ ನೋಡ್ಬೇಡಿ, ಅಷ್ಟೆ. ದೂರದಿಂದ ನೋಡಿ, ಬರ್ತಾರೆ."

ಅದೇ ದಿನ ಲಿಂಗಸಾಮಿಗೆ ನಟರಾಜನಲ್ಲಿ ಇನ್ನೊಂದು ಕೆಲಸವೂ ಇತ್ತು. ಡಿಸೈನ್ ಬರೆಯುವ ಸೋಮಸುಂದರಂ ಆ ವರ್ಷ ಹೊಸ ಹುಚ್ಚು ಹಿಡಿಸಿಕೊಂಡಿದ್ದ. ಗೆರೆಯೇ ಎಳೆಯದೆ, ಹಳೆಯ ಕಾಲದ ಪುಸ್ತಕದ ಚಿತ್ರಗಳ ಹಾಗೆ ಬರೀ ಚುಕ್ಕಿ ಇಟ್ಟು ನೆರಳು ಬರಿಸಿ, ಸೀರೆಯ ಸೆರಗಿಗೆ ಒಂದು ಚಿತ್ರ ಮಾಡಿದ್ದ. ಅಂಗೈಯಗಲದ ಅದನ್ನೂ ನಟರಾಜನೇ ದೊಡ್ಡದು ಮಾಡಿದ. ಎರಡನ್ನೂ ಒಂದೇ ಅಳತೆಯ ಹಾಳೆಗೆ ತೆಗೆದು, ಸುರುಳಿ ಸುತ್ತಿ, ಗುರುತಿಗೆಂದು ಅಮ್ಮನ ಸುರುಳಿಗೆ ಕೆಂಪು ನೂಲು, ಡಿಸೈನಿನ ಸುರುಳಿಗೆ ಬಿಳಿ ನೂಲು ಕಟ್ಟಿಕೊಟ್ಟ.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಲಿಂಗಸಾಮಿ ತಲೆತಲಾಂತರದಿಂದ ನೂಲು ಕಂಡರೆ ಕೈ ಸುಮ್ಮನಿರದ ಮನೆಯವನು. ಮೆಟ್ಟುಪಾಳ್ಯದ ಬಸ್ಸಿನಲ್ಲಿ ಕೂತು, ಕೆಂಪು ನೂಲನ್ನು ಬೆರಳಲ್ಲಿ ಉಜ್ಜಿ ನೋಡಿದ. ಒಳ್ಳೆಯ ನೂಲು. ಬಿಚ್ಚಿ ಬೆರಳಿಗೆ ಸುತ್ತಿಕೊಂಡ. ಬಿಳಿಯದೂ ಒಳ್ಳೆಯ ನೂಲೇ. ಅದನ್ನೂ ಸುತ್ತಿ ಜೇಬಿಗೆ ಹಾಕಿದ. ಬಸ್ಸಿಳಿದು ಒಂದು ಸುರುಳಿಯನ್ನು ಫ್ರೇಮಿನ ಅಂಗಡಿಗೆ ಕೊಟ್ಟ. ಇನ್ನೊಂದನ್ನು ತಂದು ಅಟ್ಟೆ ಹೊಡೆಯುವ ದೊರೈಸಾಮಿಗೆ ಕೊಟ್ಟ.

ಅಟ್ಟೆಯೆಂದರೆ ಮಗ್ಗದ ಮೇಲಿನ ಜಕಾರ್ಡು ಪೆಟ್ಟಿಗೆಗೆ ಹಾಕುವ ತೂತಿನ ರಟ್ಟು. ಡಿಸೈನಿನಲ್ಲಿ ಚುಕ್ಕಿ ಇದ್ದ ಕಡೆ ತೂತು, ತೂತು ಇದ್ದ ಕಡೆ ನೂಲು ಏಳುತ್ತದೆ. ದೊರೈಸಾಮಿ ಹಾಳೆಯ ಮೇಲೆ ಚೌಕ ಗೆರೆ ಹಾಕಿಕೊಂಡು, "ಇದೇನಪ್ಪಾ, ಚುಕ್ಕಿಯೆಲ್ಲ ಓರೆಯಾಗಿ ನಡೀತಾ ಐತೆ, ಸೋಮಸುಂದರಂ ಕುಡ್ದಿದ್ನಾ?" ಎಂದು ಗೊಣಗುತ್ತಲೇ ಹೊಡೆದುಕೊಟ್ಟ. ಲಿಂಗಸಾಮಿ ಗುಂಡಿಮಗ್ಗಕ್ಕೆ ಇಳಿದು ನೇಯತೊಡಗಿದ.

ಇತ್ತ ಪಟ ಬಂದ ದಿನ ಸುಶೀಲ ತಿರುಪ್ಪೂರಿನಿಂದ ಬಂದಿಳಿದಿದ್ದಳು. ಪಟಕ್ಕೆ ಗಂಧ ಇಡುವ ಕೆಲಸ ಮಗಳದು. ಆದರೆ ಪಟದ ಹತ್ತಿರ ಹೋದರೆ ಹಣೆ ಎಲ್ಲಿದೆಯೆಂದು ತಿಳಿಯುತ್ತಿರಲಿಲ್ಲ. ಅವಳು ಗಂಧದ ಬೆರಳೆತ್ತಿಕೊಂಡು ಗೋಡೆಗೆ ಮುಖ ಹಾಕಿ ನಿಂತಳು. ಲಿಂಗಸಾಮಿ ಬೇವಿನ ಮರದ ಬುಡದಿಂದ ಕೂಗಿ ದಾರಿ ಹೇಳಿದ.

"ಇನ್ನೂ ಮೇಲೆ! ಅದು ಮೂಗು!"

"ಇಲ್ಲೇನಾ?"

"ಅದು ಕಿವಿ ಕಣೇ! ಹೆತ್ತ ತಾಯಿ ಹಣೆ ಗೊತ್ತಾಗಲ್ವಾ ನಿಂಗೆ?"

"ಗೊತ್ತಾಗುತ್ತಣ್ಣಾ, ಯಾಕ್ ಗೊತ್ತಾಗಲ್ಲ!" ಎಂದು ಸುಶೀಲ ಬೆರಳು ಹೋದ ಕಡೆ ಒತ್ತಿಬಿಟ್ಟಳು. ಆಮೇಲೆ ಬೀದಿ ದಾಟಿ ಬಂದು ಮರದ ಕೆಳಗೆ ನಿಂತು ಗೊಳೋ ಎಂದು ಅತ್ತಳು. "ಎಷ್ಟು ಶಾಂತವಾಗವ್ಳೆ ನೋಡಿ ಅತ್ತಿಗೆ. ಬದುಕಿದ್ದಾಗ ಇಷ್ಟು ಶಾಂತ ಇರ್ಲಿಲ್ಲ."

ಶಿವಗಾಮಿ ತಲೆಯಾಡಿಸಿದಳು. ತಲೆಯಾಡಿಸುವುದು ಅಭ್ಯಾಸವಾಗಿಬಿಟ್ಟಿತ್ತು.

ಒಬ್ಬಳು ಮಾತ್ರ ಎದುರು ಮಾತಾಡಿದ್ದಳು, ಕಾಮಾಕ್ಷಿಯಮ್ಮನ ಅಕ್ಕ ಬೆಳ್ಳಿಯಮ್ಮ. ಕಣ್ಣಿಗೆ ಪೊರೆ ಬಂದು ಜಗತ್ತೆಲ್ಲ ಮಜ್ಜಿಗೆಯಾಗಿದ್ದ ಮುದುಕಿ. ತಂಗಿಯನ್ನು ನೋಡಬೇಕೆಂದು ಕೋಲೂರಿಕೊಂಡು ಬಂದವಳನ್ನು ಶಿವಗಾಮಿಯೇ ಮರದ ಕೆಳಗೆ ನಿಲ್ಲಿಸಿದ್ದಳು.

"ಚೆನ್ನಾಗೈತೆ" ಎಂದಳು ಬೆಳ್ಳಿಯಮ್ಮ. "ಎರಡು ಗಿಳಿ. ಮಧ್ಯ ಒಂದು ಮಾವಿನಕಾಯಿ. ಕಾಮಾಕ್ಷಿ ಎಲ್ಲಿ?"

"ಅಯ್ಯೋ ಪಾಪ ದೊಡ್ಡಮ್ಮ" ಎಂದು ಲಿಂಗಸಾಮಿ ಅವಳ ಕೈ ಹಿಡಿದುಕೊಂಡ. "ಕಣ್ಣು ಪೂರಾ ಹೋಯ್ತು. ಎಡೆ ಮುಗೀಲಿ, ಆಸ್ಪತ್ರೆಗೆ ಕರ್ಕೊಂಡ್ ಹೋಗೋಣ."

ಅಂದು ಶಿವಗಾಮಿಗೆ ಮುದುಕಿಯ ಮೇಲೆ ಹೊಟ್ಟೆಕಿಚ್ಚಾಯಿತು. ಅವಳಿಗಾದರೂ ಗಿಳಿ ಕಾಣುತ್ತದೆ. ತನಗೆ ಅದೂ ಇಲ್ಲ.

ಪೊಂಗಲಿನ ಮರುತಿಂಗಳು, ಮಾಸಿಯಲ್ಲಿ, ಹೊಸ ಸೀರೆಗಳು ಮಗ್ಗದಿಂದ ಇಳಿದವು. ಕೆಂಗಂದು ಮೈ, ಸೆರಗಿನ ತುಂಬ ಕಪ್ಪು ಚುಕ್ಕಿ. ಮಗ್ಗದಲ್ಲಿ ಕೂತವನಿಗೆ ಬಟ್ಟೆಯ ಒಳಮೈ ಮೇಲಾಗಿರುತ್ತದೆ, ಅದೂ ಮೂಗಿನ ಬುಡದಲ್ಲಿ. ಲಿಂಗಸಾಮಿಗೆ ತಾನು ನೇಯ್ದದ್ದು ಚುಕ್ಕಿಯೆಂದಷ್ಟೇ ಗೊತ್ತು. ಕೊಯಮತ್ತೂರಿನ ಅಂಗಡಿಯವರು ಸೆರಗನ್ನು ಗಾಜಿನ ಮೇಜಿನ ಮೇಲೆ ಹರವಿ, "ಏನ್ ಸಾರ್ ಇದು, ಮೆಣಸುಕಾಳು ಚೆಲ್ಲಿದಂಗೆ! ಇದೇ ಈಗ ಫ್ಯಾಶನ್ನು" ಎಂದು ಎಲ್ಲವನ್ನೂ ತೆಗೆದುಕೊಂಡರು. ಮೆಣಸುಕಾಳು ಸೀರೆ ಎಂದೇ ಹೆಸರಾಯಿತು. ಇನ್ನಷ್ಟು ಬೇಕೆಂದು ಹೇಳಿಕಳಿಸಿದರು. ಲಿಂಗಸಾಮಿ ಬೇವಿನ ಮರದ ಕೆಳಗೆ ನಿಂತು ಪಟಕ್ಕೆ ಅಡ್ಡಬಿದ್ದ. "ಎಲ್ಲ ಅಮ್ಮನ ಆಶೀರ್ವಾದ."

ಅದರ ಮುಂದಿನ ಪಂಗುಣಿ ತಿಂಗಳಲ್ಲಿ ಎಡೆಯ ಸಾಮಾನು ತರಲು ಶಿವಗಾಮಿ ಮೆಟ್ಟುಪಾಳ್ಯಕ್ಕೆ ಹೋದಳು. ಬೆಲ್ಲ, ಏಲಕ್ಕಿ, ಬಾಳೆಲೆ ತುಂಬಿದ ಕೈಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದಾಗ, ಬಿಸಿಲು ಕಣ್ಣಿಗೆ ಹೊಡೆಯಿತೆಂದು ಕಣ್ಣು ಕಿರಿದು ಮಾಡಿ ಸ್ಟ್ಯಾಂಡಿನ ಆಚೆ ಬದಿಯನ್ನು ನೋಡಿದಳು. ಅಲ್ಲಿ ಊಟಿಯ ಬಸ್ಸುಗಳ ಹತ್ತಿರ ಅತ್ತೆ ನಿಂತಿದ್ದಳು.

ಶಿವಗಾಮಿಯ ಕೈ ತಾನಾಗಿ ಸೆರಗು ಸರಿಮಾಡಿಕೊಂಡಿತು. ಬೆಲ್ಲಕ್ಕೆ ಜಾಸ್ತಿ ಕೊಟ್ಟೆನೇನೋ ಎಂದುಕೊಂಡಳು. ಆಮೇಲೆ ಗೊತ್ತಾಯಿತು, ಅದು ಮುಖ ಮಾತ್ರ. ಯಾವಳೋ ಹೆಂಗಸಿನ ಬೆನ್ನ ಮೇಲೆ ಹರಡಿಕೊಂಡ ಸೆರಗಿನಲ್ಲಿ, ಮೊರದಷ್ಟು ಅಗಲದ ಕಾಮಾಕ್ಷಿಯಮ್ಮ. ಆ ಹೆಂಗಸು ನಡೆದರೆ ಅತ್ತೆಯ ಕೆನ್ನೆ ಆಡುತ್ತಿತ್ತು. ಹೆಂಗಸು ಕಡಲೆಕಾಯಿ ಕೊಳ್ಳಲು ಬಗ್ಗಿದಾಗ ಅತ್ತೆ ಆಕಾಶ ನೋಡಿದಳು.

ಶಿವಗಾಮಿ ಚೀಲ ಎತ್ತಿಕೊಂಡು ಓಡಿದಳು. ಹತ್ತಿರ ಹೋದಂತೆ ಅತ್ತೆ ಕರಗಿ ಕರಗಿ ಮೆಣಸುಕಾಳಾದಳು. ಹಿಂದೆ ಬಂದರೆ ಮತ್ತೆ ಅತ್ತೆ. ಮುಂದೆ ಹೋದರೆ ಮೆಣಸು. ಹೀಗೆ ಹಿಂದೆ ಮುಂದೆ ಹೋಗುತ್ತಿದ್ದವಳನ್ನು ಕಂಡು ಕಂಡಕ್ಟರೊಬ್ಬ, "ಯಾವ ಬಸ್ಸಮ್ಮಾ ನಿಂಗೆ? ಹತ್ತೋಳಾ, ಹತ್ತದೇ ಇರೋಳಾ?" ಎಂದು ಗದರಿದ. ಅವಳು ಕೇಳಿಸಿಕೊಳ್ಳಲಿಲ್ಲ. ಸರಿಯಾದ ದೂರಕ್ಕೆ ಬಂದು ನಿಂತು, ಕಣ್ಣು ಕಿರಿದು ಮಾಡಿ, ಆ ಬಾಯನ್ನೇ ನೋಡುತ್ತಿದ್ದಳು.

ಅತ್ತೆಯ ಬಾಯಿ ಸೊಟ್ಟಗಿತ್ತು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಕಣ್ಣು ಗೆರೆಯಾಗಿತ್ತು. ಕಾಮಾಕ್ಷಿಯಮ್ಮ ನಗು ತಡೆಯಲಾರದೆ ಒದ್ದಾಡುತ್ತಿದ್ದಳು.

ಆ ಪ್ರದರ್ಶನದ ದಿನ ಶಿವಗಾಮಿಗೆ ಚೆನ್ನಾಗಿ ನೆನಪಿತ್ತು. ಜನಕ್ಕೆ ತೋರಿಸಲು ಮಗ್ಗದಲ್ಲಿ ಕೂತವಳು ಅವಳೇ. ಆಫೀಸರು ತಾನೂ ನೇಯುತ್ತೇನೆಂದು ಬಗ್ಗಿದಾಗ ಅವರ ಟೈ ಹಾಸಿನ ನೂಲಿನೊಳಗೆ ಸಿಕ್ಕಿಕೊಂಡಿತ್ತು. ಗಾಬರಿಯಲ್ಲಿ ಶಿವಗಾಮಿ ಮಗ್ಗದ ತುಳಿಗೋಲು ಇನ್ನೊಮ್ಮೆ ತುಳಿದುಬಿಟ್ಟಳು. ಟೈ ಇನ್ನೂ ಒಳಗೆ ಹೋಯಿತು. ಕೊನೆಗೆ ಅವಳು ಕರುವಿನ ಹಗ್ಗ ಹಿಡಿದ ಹಾಗೆ ಆಫೀಸರ ಟೈ ಹಿಡಿದು, ಸುತ್ತಲಿನ ದೊಡ್ಡವರೆದುರು, "ಅಲ್ಲಾಡ್ಬೇಡಿ, ಅಲ್ಲಾಡ್ಬೇಡಿ, ಬಿಡಿಸ್ತೀನಿ" ಎಂದಿದ್ದಳು. ಅದಾದ ಮೇಲೆ ಫೋಟೋ ತೆಗೆದರು. ಊರಿಗೆ ಬರುವ ಬಸ್ಸಿನಲ್ಲಿ ಅತ್ತೆ ಅವಳ ಕಡೆ ತಿರುಗಿಯೂ ನೋಡಲಿಲ್ಲ. ದಾರಿಯುದ್ದಕ್ಕೂ ಕಿಟಕಿಗೆ ಮುಖ ಹಾಕಿ, ಸೆರಗು ಬಾಯಿಗೊತ್ತಿ ಕೂತಿದ್ದಳು. ಹೆಗಲು ಸಣ್ಣಗೆ ನಡುಗುತ್ತಿತ್ತು. ಮರ್ಯಾದೆ ಹೋಯಿತೆಂದು ಅಳುತ್ತಿದ್ದಾಳೆ ಎಂದುಕೊಂಡು ಶಿವಗಾಮಿ ಅಂದಿನಿಂದ ಅತ್ತೆಯ ಮುಖವನ್ನು ನೇರವಾಗಿ ನೋಡುವುದನ್ನೇ ಬಿಟ್ಟಿದ್ದಳು.

ಮನೆಗೆ ಬಂದವಳು ಚೀಲ ಇಳಿಸದೆ ಬೇವಿನ ಮರದ ಕೆಳಗೆ ನಿಂತು, ಬಸ್ ಸ್ಟ್ಯಾಂಡಿನಲ್ಲಿ ಮಾಡಿದ ಹಾಗೆ ಕಣ್ಣು ಕಿರಿದು ಮಾಡಿ ಪಟವನ್ನು ನೋಡಿದಳು. ಎರಡು ಗಿಳಿ. ಮಧ್ಯ ಒಂದು ಮಾವಿನಕಾಯಿ. ಎಡಗಡೆಯ ಗಿಳಿಯ ಬಾಲಕ್ಕೆ ಸುಶೀಲ ಇಟ್ಟ ಗಂಧ.

ಒಳಗೆ ಲಿಂಗಸಾಮಿ ಮಗ್ಗದಲ್ಲಿ ಕೂತು ತಾಯಿಯ ಗಲ್ಲ ನೇಯುತ್ತಿದ್ದ.

"ಇಲ್ಲಿ ಕೇಳಿ" ಎಂದಳು ಶಿವಗಾಮಿ. "ಆ ಎರಡು ಸುರುಳಿಗೆ ನಟರಾಜನ್ ಗುರುತಿಗೆ ಏನೂ ಕಟ್ಟಿರ್ಲಿಲ್ವಾ?"

"ನೂಲು ಕಟ್ಟಿದ್ದ. ಒಳ್ಳೆ ನೂಲು, ಬಸ್ಸಲ್ಲೇ ಸುತ್ತಿಟ್ಕೊಂಡೆ. ಯಾಕೆ?"

ಅವಳು ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಲಾಳಿ ನಿಲ್ಲಿಸಿ, "ರಾತ್ರಿ ಅಮ್ಮ ಕನಸಲ್ಲಿ ಬಂದಿದ್ಲು ಕಣೆ" ಎಂದ. ಅವನ ಮುಖ ಐದು ವರ್ಷದ ಮಗುವಿನದಾಗಿತ್ತು. "ಪಟದಲ್ಲಿರೋ ಹಾಗೇ ಇದ್ಲು."

"ಪಟದಲ್ಲಿರೋ ಹಾಗೇನಾ?"

"ಆಮಾ. ಹಸಿರು ಸೀರೆ ಉಟ್ಟಿದ್ಲು. ಏನೋ ತಿಂತಾ ಇದ್ಲು."

ಶಿವಗಾಮಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಹೇಳಿದರೆ ಏನಾಗುತ್ತದೆಂದು ಬೆಲ್ಲ ಕುಟ್ಟುತ್ತ ಯೋಚಿಸಿದಳು. ಎರಡು ತಿಂಗಳಿಂದ ಗಿಳಿಗೆ ಅಡ್ಡಬಿದ್ದೆನೆಂದು ಅವನು ಕುಗ್ಗಿಹೋಗುತ್ತಾನೆ. ಹೆತ್ತ ತಾಯಿಯನ್ನು ಊರ ಹೆಂಗಸರ ಬೆನ್ನಿಗೆ ಕಟ್ಟಿ ಬಸ್ಸಿನ ಸೀಟಿಗೆ ಒರಗಿಸಿದೆನೆಂದು ಮಗ್ಗದಲ್ಲಿರುವುದನ್ನು ಕೊಯ್ದು ಹಾಕುತ್ತಾನೆ, ಅಟ್ಟೆಗಳನ್ನು ಒಲೆಗಿಡುತ್ತಾನೆ. ಆಗ ಆ ನಗುವೂ ಹೋಯಿತು. ಅದನ್ನು ನೋಡಿದವಳು ತಾನೊಬ್ಬಳೇ, ಅದೂ ಈಗಷ್ಟೇ. ಹೇಳದಿದ್ದರೆ? ಎಡೆಯ ದಿನವೂ, ಅದರಾಚೆಯ ದಿನಗಳಲ್ಲೂ, ಗಿಳಿಗಳ ಮುಂದೆ ನಿಂತು ಹ್ಞೂಂ ಹ್ಞೂಂ ಎನ್ನುತ್ತಿರಬೇಕು, ಸಾಯುವವರೆಗೂ. ಹಾಗೂ ಬೇಡ ಎನಿಸಿತು, ಹೀಗೂ ಬೇಡ ಎನಿಸಿತು. ಅತ್ತೆಗೆ ಇಡುವ ಅನ್ನ ಅತ್ತೆಯ ಎದುರಿಗೇ ಇಡಬೇಕು ಎಂಬುದೊಂದು ಮಾತ್ರ ಸ್ಪಷ್ಟವಾಗಿ ಗೊತ್ತಿತ್ತು.

ಅವರಲ್ಲಿ ಒಂದು ಪದ್ಧತಿಯಿದೆ. ವರ್ಷದ ಎಡೆಯಲ್ಲಿ ಸತ್ತವರಿಗೆ ಹೊಸ ಸೀರೆ ಇಡುತ್ತಾರೆ. ಎಡೆ ಮುಗಿದ ಮೇಲೆ ಸೊಸೆ ಅದನ್ನು ಉಟ್ಟು, ಮೊದಲ ಎಲೆಯನ್ನು ಕಾಗೆಗೆ ಇಟ್ಟುಬರಬೇಕು.

"ಮೆಣಸುಕಾಳು ಸೀರೆ ಒಂದು ಇಡೋಣ" ಎಂದಳು ರಾತ್ರಿ ಊಟಕ್ಕೆ ಬಡಿಸುತ್ತ.

"ಅಮ್ಮ ಇಂಥಾ ಫ್ಯಾಶನ್ ಉಡ್ತಿದ್ಲಾ?"

"ಅತ್ತೆಗೆ ಇದು ಒಪ್ಪುತ್ತೆ. ನೀವೇ ನೇಯ್ದಿದ್ದಲ್ವಾ?"

ಆ ಕೊನೆಯ ಮಾತಿಗೆ ಲಿಂಗಸಾಮಿ ಕರಗಿದ.

ಎಡೆಯ ದಿನ ನೆಂಟರೆಲ್ಲ ಬೇವಿನ ಮರದ ಕೆಳಗೆ ಸೇರಿದ್ದರು. ಕರ್ಪೂರವನ್ನು ಬೀದಿಯ ಆಚೆಯಿಂದಲೇ ಬೆಳಗಿದರು. ಸೋಮನೂರಿನಿಂದ ಬಂದ ಹೆಂಗಸರು ಪಟ ನೋಡಿ, "ಅದೇ ಕಣ್ಣು, ಅದೇ ಮೂಗು" ಎಂದು ಕಣ್ಣೊರೆಸಿಕೊಂಡರು. ಪಟದ ಕೆಳಗೆ ಎಲೆಯಲ್ಲಿ ಅನ್ನ, ಸಾರು, ಕಾಮಾಕ್ಷಿಯಮ್ಮನಿಗೆ ಇಷ್ಟವಾಗಿದ್ದ ಹುರುಳಿಯ ಚಟ್ನಿ, ಪಕ್ಕದಲ್ಲಿ ಮಡಿಸಿದ ಸೀರೆ. ಕಾಮಾಕ್ಷಿಯಮ್ಮ ಮಡಿಕೆಯೊಳಗೆ ಬಾಯಿ ಕಚ್ಚಿಕೊಂಡು ಕೂತಿದ್ದಾಳೆಂದು ಗೊತ್ತಿದ್ದವಳು ಶಿವಗಾಮಿ ಒಬ್ಬಳೇ.

ಅವಳು ಒಳಕೋಣೆಗೆ ಹೋಗಿ ಸೀರೆ ಉಟ್ಟಳು. ಸೆರಗನ್ನು ನೆರಿಗೆ ಹಿಡಿಯದೆ ಬೆನ್ನ ತುಂಬ ಹರವಿ, ಸೊಂಟಕ್ಕೆ ಒಂದು ಪಿನ್ನು ಹಾಕಿದಳು. ಬಿಸಿ ಅನ್ನದ ಎಲೆ ಎರಡು ಕೈಯಲ್ಲಿ ಹಿಡಿದು, ನೆಂಟರ ನಡುವೆ ಹಾದು, ಬೀದಿಯ ಕೊನೆಯ ಬಾವಿಕಟ್ಟೆಯ ಕಡೆ ನಡೆದಳು. ಕಾಗೆಗಳು ಅಲ್ಲಿಗೇ ಬರುವುದು. ಹಿಂದೆ ಮಾತು ನಡೆದೇ ಇತ್ತು. ಬಿಸಿಲಿಗೆ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡಿದ್ದರು. ಅವಳು ದೂರ ಹೋಗುತ್ತ ಹೋಗುತ್ತ ಒಂದೊಂದೇ ದನಿ ನಿಂತಿತು.

"ಏನೇ ಕಾಮಾಕ್ಷಿ" ಎಂದು ಬೆಳ್ಳಿಯಮ್ಮನ ದನಿ ಕೇಳಿತು. "ಈಗ ಬಂದ್ಯಾ? ಊಟ ಆಯ್ತಲ್ಲೇ."

ಆಮೇಲೆ ಸುಶೀಲ ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು. ಶಿವಗಾಮಿ ತಿರುಗಹೋದಳು.

"ತಿರುಗ್ಬೇಡ!" ಎಂದು ಲಿಂಗಸಾಮಿ ಕೂಗಿದ. ದನಿ ಒಡೆದಿತ್ತು. "ಅಲ್ಲೇ ಇರು. ಹತ್ರಾನೂ ಬರ್ಬೇಡ. ಹೋಗ್ಲೂಬೇಡ."

ಅವಳು ನಿಂತಳು. ಎಲೆ ಕೈ ಸುಡುತ್ತಿತ್ತು. ಬೆನ್ನ ಹಿಂದೆ ನೆಂಟರೆಲ್ಲ ಬೀದಿಗೆ ಅಡ್ಡಲಾಗಿ ಸಾಲುಗಟ್ಟುವ ಸದ್ದಾಯಿತು. "ಇನ್ನೊಂದ್ ಹೆಜ್ಜೆ ಹಿಂದೆ ಬಾ, ಇಲ್ಲಿಂದ ಪೂರಾ ಕಾಣ್ತಾಳೆ" ಎಂದು ಯಾರೋ ಯಾರಿಗೋ ಹೇಳಿದರು.

"ನಗ್ತಾವ್ಳೆ" ಎಂದ ಲಿಂಗಸಾಮಿ. "ಅಮ್ಮ ನಗ್ತಾವ್ಳೆ. ನಾನು ನೋಡೇ ಇರ್ಲಿಲ್ಲ." ಅವನು ಅತ್ತದ್ದು ಕೇಳಿಸಿತು. ಆಮೇಲೆ, ನಿಧಾನವಾಗಿ, "ಹಂಗಾದ್ರೆ ಗೋಡೆ ಮೇಲಿರೋದು ಯಾರು?" ಎಂದ.

"ಅವತ್ತೇ ಹೇಳಿದ್ನಲ್ಲಪ್ಪಾ" ಎಂದಳು ಬೆಳ್ಳಿಯಮ್ಮ.

ಎಲ್ಲರ ತಲೆಯೂ ಒಟ್ಟಿಗೆ ಮನೆಯ ಬಾಗಿಲ ಕಡೆ ತಿರುಗಿ, ಗೋಡೆಯನ್ನು ನೋಡಿ, ಮತ್ತೆ ತನ್ನ ಬೆನ್ನಿಗೆ ಬಂದದ್ದು ಶಿವಗಾಮಿಗೆ ನೋಡದೆಯೇ ತಿಳಿಯಿತು. "ಅಯ್ಯೋ, ಬಾಲಕ್ಕೆ ಗಂಧ ಇಟ್ಟೆನಲ್ಲಾ" ಎಂದು ಸುಶೀಲ ಅಳುತ್ತಲೇ ಅಂದಳು. ಮರುಗಳಿಗೆಯಲ್ಲೇ ದನಿ ಬದಲಾಯಿಸಿ, "ಅಮ್ಮಾ, ನೋಡಮ್ಮಾ, ನಿನ್ ಅಳಿಯ ಬನಿಯನ್ ಕಂಪೆನೀಲಿ ಜಗಳ ಮಾಡ್ಕೊಂಡು ಕೂತವ್ರೆ" ಎಂದು ಅತ್ತಿಗೆಯ ಬೆನ್ನಿಗೆ ದೂರು ಹೇಳತೊಡಗಿದಳು. ಸೋಮನೂರಿನವರೂ ತಮ್ಮ ಸುಖದುಃಖ ಶುರುಮಾಡಿದರು.

ಬಾವಿಕಟ್ಟೆಯ ಮೇಲೆ ಕಾಗೆಯೊಂದು ಬಂದು ಕೂತು, ಎಲೆಯನ್ನೂ ಶಿವಗಾಮಿಯನ್ನೂ ಓರೆಗಣ್ಣಿನಿಂದ ನೋಡಿತು. ಟೈ ಹಿಡಿಸಿಕೊಂಡ ಆಫೀಸರ ನೋಟವೇ ಅದು. ಅವಳಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು, ಅದರ ಹಿಂದೆಯೇ ಒಂದು ವರ್ಷ ತಡವಾಗಿ ಕಣ್ಣೀರೂ ಬಂತು. ಎಲೆಯನ್ನು ಒಂದು ಕೈಗೆ ಬದಲಿಸಿ, ಬಾಯಿಗೊತ್ತಿಕೊಳ್ಳಲು ಇನ್ನೊಂದು ಕೈಯಿಂದ ಸೆರಗು ಹುಡುಕಿದಳು.

"ಸೆರಗು ಮುಟ್ಬೇಡ!" ಎಂದು ಇಡೀ ಬೀದಿಯೇ ಕೂಗಿತು.

ಬೇರೆ ದಾರಿಯಿರಲಿಲ್ಲ. ಶಿವಗಾಮಿ ಬಾಯಿ ಮುಚ್ಚಿಕೊಳ್ಳದೆಯೇ, ಕಾಗೆಯ ಎದುರು, ಗಟ್ಟಿಯಾಗಿ ನಕ್ಕಳು.